ನೀಲಿ ಡ್ಯಾಶ್‌ಬೋರ್ಡಿಗೆ ನನ್ನ ವೋಟಿಲ್ಲ

ಈಗಿನ ಹೊಸ ಕಾರುಗಳಲ್ಲಿ ರಾತ್ರಿ ಮುಂದಿನ ಸೀಟಲ್ಲಿ ಕೂತ್ರೆ ಆರ್ಕೆಸ್ಟ್ರಾ ಸ್ಟೇಜ್ ಮೇಲೆ ಕೂತಂಗಿರತ್ತೆ. ಮೀಟರಿಗೆ ನೀಲಿ ದೀಪ, ಪಕ್ಕದಲ್ಲಿ ಟೀವಿಯಂಥ ಬಿಳೀ ಸ್ಕ್ರೀನು, ಕಾಲ್ಕೆಳಗೂ ಒಂದು ಬಣ್ಣದ ಪಟ್ಟಿ. ಶೋರೂಮಲ್ಲಿ ಚೆನ್ನಾಗೇ ಕಾಣತ್ತೆ, ಇಲ್ಲ ಅನ್ನಲ್ಲ. ಓಡ್ಸೋರ ಕಣ್ಣಿಗೆ ಮಾತ್ರ ಅದು ಒಳ್ಳೇದಲ್ಲ ಅಂತ ನನ್ನ ವಾದ.

ಗವೀಪುರದ ಗಂಗಾಧರೇಶ್ವರನ ಗುಡಿ ನೆನೆಸ್ಕೊಳ್ಳಿ. ಬಿಸಿಲಿಂದ ಗವಿಯೊಳಗೆ ಹೋದ ತಕ್ಷಣ ಏನೂ ಕಾಣಲ್ಲ. ಸ್ವಲ್ಪ ಹೊತ್ತು ನಿಂತ್ರೆ ಗೋಡೆ, ಪಕ್ಕದೋರ ಮುಖ ಎಲ್ಲಾ ನಿಧಾನಕ್ಕೆ ತೋರತ್ತೆ. ಕಣ್ಣೊಳಗೆ ಕತ್ತಲಿಗೇ ಅಂತ ಇರೋ ಕೋಶಗಳು ಪೂರ್ತಿ ಎಚ್ಚೆತ್ಕೊಳ್ಳಕ್ಕೆ 20–30 ನಿಮಿಷ ಬೇಕು. ಜೋರು ಬೆಳಕು ಬಿತ್ತೋ, ಆ ಎಚ್ಚರವೆಲ್ಲ ಹೋಯ್ತು. ನೀಲಿ-ಹಸಿರು ಬೆಳಕು ಅವಕ್ಕೆ ಬೇಗ ನಾಟತ್ತೆ, ಕೆಂಪು ಅಷ್ಟು ತಾಕಲ್ಲ. ಹಡಗು, ವಿಮಾನಗಳಲ್ಲಿ ಹಿಂದೆ ರಾತ್ರಿ ಕೆಂಪು ದೀಪ ಇಡ್ತಿದ್ದಿದ್ದು ಇದಕ್ಕೇ. ಬಿಎಂಡಬ್ಲ್ಯೂನೋರೂ ವರ್ಷಗಟ್ಟಲೆ ಕಿತ್ತಳೆ ದೀಪಾನೇ ಇಟ್ಟಿದ್ರು.

ಹಾಗಂತ ಎಲ್ಲಾ ಕೆಂಪು ಮಾಡಿ ಅಂತಲ್ಲ. ಚಾಳೀಸು ಬಂದ ಕಣ್ಣಿಗೆ ಕಡುಗೆಂಪಲ್ಲಿ ಅಂಕಿ ಓದೋದು ಕಷ್ಟ. ನನ್ನ ಕೇಳಿದ್ರೆ ಬಣ್ಣಕ್ಕಿಂತ ಪ್ರಕಾಶ ಎಷ್ಟು ಅನ್ನೋದೇ ಮುಖ್ಯ. ಅಂಬಾಸಡರ್, ಪದ್ಮಿನಿ ಕಾಲದ ಮಿಣಮಿಣ ಹಳದಿ ಬಲ್ಬು ನೋಡಿ ನಗ್ತಿದ್ವಿ. ಕಣ್ಣಿಗೆ ಅದೇ ಹಿತವಾಗಿತ್ತು.

ಗಾಂಧಿ ಬಜಾರಿನ ಬೀದಿದೀಪದ ಕೆಳಗೆ ಇದೆಲ್ಲ ಅಷ್ಟು ಗೊತ್ತಾಗಲ್ಲ, ಅಲ್ಲಿ ಕತ್ತಲೇ ಇಲ್ವಲ್ಲ. ಮದುವೆ ಮುಗಿಸ್ಕೊಂಡು ಕನಕಪುರದ ಕಡೆಯಿಂದ ವಾಪಸ್ ಬರ್ತೀವಿ ನೋಡಿ, ಆಗ ಬೇಕು ಕಣ್ಣು. ರಸ್ತೆ ಪಕ್ಕ ಕಂಬಳಿ ಹೊದ್ದು ನಡೆಯೋ ಮುದುಕರು, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರು. 60ರ ಸ್ಪೀಡಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಹೋಗಿರತ್ತೆ. ಒಂದು ಕ್ಷಣ ತಡವಾಗಿ ಕಂಡ್ರೂ ಗತಿಯೇನು?

ಎದುರಿಂದ ಬರೋರ ಹೈಬೀಮಿಗೆ ಬೈತೀವಿ. 2024ರ ಜುಲೈಯಿಂದ ಪೊಲೀಸರೂ ಕಣ್ಣು ಕುಕ್ಕೋ ಎಲ್‌ಇಡಿ ದೀಪಕ್ಕೆ ಕೇಸ್ ಹಾಕಕ್ಕೆ ಶುರು ಮಾಡಿದ್ರು. ನಮ್ಮ ಕಾರೊಳಗಿನ ಬೆಳಕನ್ನ ಹಿಡಿಯೋರು ಯಾರು? ಪಕ್ಕದ ಸೀಟಲ್ಲಿ ಕೂರೋ ನಾವೇ ಕಣ್ರೀ. ಊರು ದಾಟೋ ಮುಂಚೆ ಡ್ಯಾಶ್‌ಬೋರ್ಡಿನ ಬೆಳಕು ಇಳಿಸಿ ಅಂತ ಯಜಮಾನರಿಗೋ ಮಗನಿಗೋ ಹೇಳಿ. ಎಷ್ಟೋ ಕಾರಲ್ಲಿ ಅದಕ್ಕೊಂದು ತಿರುಗುಣಿ ಇರತ್ತೆ, ಇಲ್ದಿದ್ರೆ ಸ್ಕ್ರೀನಲ್ಲೇ ನೈಟ್ ಮೋಡ್ ಸಿಗತ್ತೆ. ಮಗಳೇ ಓಡಿಸ್ತಿದ್ರೆ ಅವಳೇ ಮಾಡ್ಕೋತಾಳೆ, ನೀವು ವಾಟ್ಸಾಪ್ ನೋಡೋದು ಬಿಟ್ಟು ಫೋನ್ ಬ್ಯಾಗಿಗೆ ಹಾಕಿ. ತಿಂಡಿ ಡಬ್ಬ ಹುಡುಕಕ್ಕೆ ಅಂತ ಒಳಗಿನ ಲೈಟೂ ಹಾಕ್ಬೇಡಿ. ತಡಕಿದ್ರೆ ಸಾಕು, ಕೋಡುಬಳೆ ಕತ್ತಲಲ್ಲೂ ಕೈಗೆ ಸಿಗತ್ತೆ.