ಗಣಕಕ್ಕೊಂದು ವ್ಯಾಸಪೀಠ

ನಮ್ಮ ಹಿರಿಯರು ಗ್ರಂಥವನ್ನು ವ್ಯಾಸಪೀಠದ ಮೇಲೆ ಎತ್ತರಿಸಿಟ್ಟು ಓದುತ್ತಿದ್ದರು. ಅದರಿಂದ ಗ್ರಂಥಕ್ಕೆ ಗೌರವ, ಓದುವವರ ಕತ್ತಿಗೆ ಸುಖ. ನಾವಾದರೋ ಲ್ಯಾಪ್‌ಟಾಪನ್ನು ಚಾಪೆಯ ಮೇಲೋ ಮಂಚದ ಮೇಲೋ ಇರಿಸಿ, ಗಂಟೆಗಟ್ಟಲೆ ಬಾಗಿ ಕುಳಿತು, ಸಂಜೆಯಾಗುತ್ತಲೇ ಕತ್ತುನೋವೆಂದು ಗೋಳಿಡುತ್ತೇವೆ. 2020ರ ಕೋವಿಡ್ ಕಾಲದಲ್ಲಿ ಕನಕಪುರ, ಮಾಗಡಿಗಳ ಹಳ್ಳಿಮನೆಗಳಿಗೂ ಪಾಠಗಳು ಬಂದುವು. ಅವುಗಳೊಡನೆ ಮೇಜು ಬರಲಿಲ್ಲ.

ದೋಷವಿರುವುದು ಯಂತ್ರದ ರಚನೆಯಲ್ಲಿ. ಅದರ ತೆರೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ತೆರೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೈ ಸೋಲುತ್ತದೆ. ಕೀಲಿಮಣೆಯನ್ನು ಕೈಯ ಮಟ್ಟಕ್ಕೆ ಇಳಿಸಿದರೆ ಕತ್ತು ಬಾಗುತ್ತದೆ. ಆದುದರಿಂದ ಬೇಕಾದುವು ಮೂರೇ: ಎತ್ತರಿಸಲು ಒಂದು ಪೀಠ, ಪ್ರತ್ಯೇಕವಾದ ಕೀಲಿಮಣೆ, ಒಂದು ಮೌಸು. ತೆರೆಯ ಮೇಲಂಚು ಕಣ್ಣಿನ ನೇರಕ್ಕೆ, ತೋಳಿನಷ್ಟು ದೂರದಲ್ಲಿರಲಿ. ಮೊಣಕೈ ಪಕ್ಕೆಗೆ ಸಮೀಪವಿದ್ದು ಸುಮಾರು 90 ಡಿಗ್ರಿ ಮಡಿಸಿರಲಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿಗೂ ವಿಶ್ರಾಂತಿ.

ಸಾವಿರಾರು ರೂಪಾಯಿಯ ತಿರುಗುಕುರ್ಚಿ ನಮ್ಮಂಥವರಿಗೆ ಎಟುಕದು. ಸದ್ಯಕ್ಕೆ ನಾಲ್ಕು ದಪ್ಪ ಪುಸ್ತಕಗಳೇ ಪೀಠವಾಗಬಲ್ಲುವು. ಆದರೆ ಹಾಲೆಮರವನ್ನು ಕಡೆದು, ಅರಗಿನ ಬಣ್ಣವೇರಿಸಿ, ಹೊರದೇಶಗಳಿಗೂ ಬೊಂಬೆ ಕಳುಹಿಸುವ ಚನ್ನಪಟ್ಟಣ ನಮ್ಮ ನೆರೆಯಲ್ಲೇ ಇದೆ. ಅಲ್ಲಿಯ ಕುಶಲಿಗಳಿಂದ ಮಡಚುವ ಪೀಠಗಳನ್ನು ಮಾಡಿಸಿ, ಒಂದಷ್ಟು ಕೀಲಿಮಣೆಗಳೊಡನೆ ನಮ್ಮ ಗ್ರಂಥಾಲಯವು ಪುಸ್ತಕದಂತೆಯೇ ಎರವಲು ಕೊಡಬಾರದೇಕೆ? ಅಧ್ಯಾಪಕವರ್ಗದವರೂ ಗೆಳೆಯರೂ ಈ ಮಾತನ್ನು ಆಲೋಚಿಸಬೇಕು. ತಲೆಗೆ ವಿದ್ಯೆ ತುಂಬುವವರು, ಆ ತಲೆಯನ್ನು ಹೊರುವ ಕತ್ತನ್ನೂ ನೆನೆಯುವುದು ನ್ಯಾಯವಲ್ಲವೇ?