ಉಪಯೋಗವಿಲ್ಲದ ಎರಡು ತಾಸು

ಹೆಂಗಸರಿಗೂ ಒಂದು ಹವ್ಯಾಸ ಇರಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಅವರ ಬಾಯಿಂದ ಮುಂದಿನ ಮಾತು ಬರುವವರೆಗೆ ಸ್ವಲ್ಪ ತಾಳಿ. "ಮನೆಗೂ ಉಪಯೋಗ ಆಗೂವಂಥಾದ್ದು ಇದ್ದರ ಚಲೋ ನೋಡ್ರಿ" ಎನ್ನುತ್ತಾರೆ. ಹೊಲಿಗೆ ಕಲಿತರೆ ರವಿಕೆಯ ಖರ್ಚು ಉಳಿಯುತ್ತದೆ, ಹಪ್ಪಳ ಸಂಡಿಗೆ ಮಾಡಿದರೆ ನಾಲ್ಕು ಕಾಸು ಬರುತ್ತದೆ, ಕಸೂತಿ ಹಾಕಿದರೆ ಮನೆ ಚೆಂದ ಕಾಣುತ್ತದೆ. ಎಲ್ಲವೂ ಒಳ್ಳೆಯ ಕೆಲಸಗಳೇ, ನನ್ನ ತಕರಾರು ಹೆಸರಿನ ಬಗ್ಗೆ. ಮನೆಗೆ ಉಪಯೋಗವಾಗಲೇಬೇಕು ಎಂಬ ಕರಾರಿನ ಮೇಲೆ ಮಾಡುವುದು ಹವ್ಯಾಸವಲ್ಲ. ಅದು ಮನೆಗೆಲಸದ ಇನ್ನೊಂದು ಪಾಳಿ.

ಪಾಳಿ ಎಂದರೇನೆಂದು ಶಕ್ತಿನಗರದ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೃಷ್ಣೆಯ ದಂಡೆಯ ಮೇಲಿನ ಈ ಊರು ಹುಟ್ಟಿದ್ದೇ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕಾಗಿ. 1985ರಲ್ಲಿ ಮೊದಲ ಘಟಕ ಶುರುವಾಯಿತು. ಆಮೇಲೆ ಎಂಟು ಘಟಕಗಳಾಗಿ ಸಾಮರ್ಥ್ಯ 1720 ಮೆಗಾವಾಟ್ ಮುಟ್ಟಿತು. ಕೇಂದ್ರ ಹಗಲೂ ರಾತ್ರಿ ನಡೆಯುತ್ತದೆ, ಅದರ ಗಡಿಯಾರವೇ ಕ್ವಾರ್ಟರ್ಸಿನ ಗಡಿಯಾರ. ಗಂಡನದು ರಾತ್ರಿ ಪಾಳಿ ಎಂದರೆ ಹಗಲಿಡೀ ಮಕ್ಕಳ ಬಾಯಿ ಮುಚ್ಚಿಸುವುದು ಹೆಂಡತಿಯ ಪಾಳಿ. ಬೆಳಗಿನ ಪಾಳಿ ಎಂದರೆ ಅವರಿಗಿಂತ ಒಂದು ತಾಸು ಮೊದಲು ಏಳುವುದು ಅವಳ ಪಾಳಿ. ಅವರಿಗೆ ವಾರದ ರಜೆ ಉಂಟು, ಇವಳಿಗೆ ಆ ದಿನ ಅಡಿಗೆ ಹೆಚ್ಚು.

ಇಂಥ ಊರಿನಲ್ಲಿ ನಿವೃತ್ತಿ ಹತ್ತಿರ ಬಂದ ಕಾಕಾ ಒಬ್ಬರು ತಂಬಾಕು ಸೇದುವ ಪೈಪು ಮಾಡುವುದನ್ನು ಹವ್ಯಾಸವಾಗಿ ಹಿಡಿದರು. ಅದಕ್ಕೆ ಬೇಕಾದ ಬ್ರಯರ್ ಮರ ನಮ್ಮ ಕಡೆ ಸಿಗುವುದಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳಲ್ಲಿ ಬೆಳೆಯುವ ಒಂದು ಪೊದೆಗಿಡದ ಬುಡದಲ್ಲಿರುವ ಗಂಟು ಅದು. ಬೆಂಕಿಯ ಕಾವು ತಡೆಯುತ್ತದೆ ಎಂಬ ಕಾರಣಕ್ಕೆ ಅದಕ್ಕೆ ಅಷ್ಟು ಬೆಲೆ. ಮರದ ತುಂಡು ತರಿಸಿದರು, ಗರಗಸ, ಬೈರಿಗೆ, ಅರ ಕೊಂಡರು. ವರಾಂಡ ಕಾರ್ಖಾನೆಯಾಯಿತು. ನೋಡಲು ಬಂದವರೆಲ್ಲ "ಏನು ಕೈಚಳಕ ರೀ!" ಎಂದರು. ಬಂದವರಿಗೆ ಚಹಾ ಕೊಟ್ಟು, ಹೋದ ಮೇಲೆ ಮರದ ಹಿಟ್ಟು ಗುಡಿಸಿದ ಕಾಕುವಿನ ಕೈಚಳಕವನ್ನು ಯಾರೂ ಎತ್ತಲಿಲ್ಲ. ಕಾಕಾ ಸೇದುವುದನ್ನು ಬಿಟ್ಟು ವರ್ಷಗಳಾಗಿದ್ದವು. ಆದರೂ "ಇದರಿಂದ ಮನೆಗೇನು ಉಪಯೋಗ?" ಎಂದು ಒಬ್ಬರೂ ಕೇಳಲಿಲ್ಲ.

ನಾನು ಕಲಿಯುತ್ತೇನೆ ಎಂದಾಗ ಮಾತ್ರ ಪ್ರಶ್ನೆಗಳು ಸಾಲುಗಟ್ಟಿದವು. "ಯಾಕ್ರಿ ವೈನಿ, ಮನ್ಯಾಗ ಯಾರು ಸೇದ್ತಾರ್ರಿ?" ಯಾರೂ ಇಲ್ಲ. "ಮತ್ತ ಮಾರ್ತೀರೇನು?" ಇಲ್ಲ. "ಹಂಗಾರ ಯಾಕ?"

ಯಾಕೆಂದರೆ ಆ ಕೆಲಸ ಚೆಂದ, ಅದಕ್ಕೆ. ಬಟ್ಟಲಿನ ಗುಂಡಿಯನ್ನು ಮೇಲಿನಿಂದ ಕೊರೆಯಬೇಕು, ಸುಮಾರು ನಾಲ್ಕು ಮಿಲಿಮೀಟರಿನ ಹೊಗೆದಾರಿಯನ್ನು ಪಕ್ಕದಿಂದ. ಎರಡೂ ಮರದ ಹೊಟ್ಟೆಯೊಳಗೆ, ಕಣ್ಣಿಗೆ ಕಾಣದಲ್ಲಿ, ಸರಿಯಾಗಿ ಬಟ್ಟಲಿನ ತಳದಲ್ಲೇ ಕೂಡಬೇಕು. ಸ್ವಲ್ಪ ಮೇಲಾದರೂ ತಳದ ತಂಬಾಕು ಉರಿಯದೆ ಒದ್ದೆಯಾಗಿ ಉಳಿಯುತ್ತದಂತೆ. ಆಮೇಲೆ ಅರದಿಂದ ಉಜ್ಜಿ ಆಕಾರ ತರಬೇಕು. ಒರಟು ಕಾಗದದಿಂದ ನಯ ಕಾಗದದವರೆಗೆ ತಿಕ್ಕುತ್ತ ಹೋದಂತೆ ಮರದೊಳಗಿನ ಎಳೆಗಳು ಒಂದೊಂದಾಗಿ ಮೇಲೇಳುತ್ತವೆ. ಅಷ್ಟು ಹೊತ್ತು ಯಾರಿಗೆ ಏನು ಬೇಕು ಎಂಬ ಯೋಚನೆ ತಲೆಯಲ್ಲಿ ಸುಳಿಯುವುದಿಲ್ಲ. ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ, ಇರಬೇಕಾಗಿಯೂ ಇಲ್ಲ.

"ತಂಬಾಕಿನ ಸಾಮಾನು, ಹೆಂಗಸರ ಕೈಯಾಗ ಶೋಭಿಸೂದಿಲ್ಲ" ಎಂದವರೂ ಇದ್ದರು. ತಂಬಾಕು ವಿಷ, ಪೈಪಿನಲ್ಲಿ ಸೇದಿದರೂ ಬಾಯಿಯ ಕ್ಯಾನ್ಸರ್ ಬಿಡುವುದಿಲ್ಲ. ಅದರಲ್ಲಿ ನನಗೆ ಎರಡು ಮಾತಿಲ್ಲ, ನನ್ನ ಪೈಪು ಬೆಂಕಿ ಕಂಡಿಲ್ಲ, ಕಾಣುವುದೂ ಇಲ್ಲ. ಆದರೆ ಶೋಭೆಯ ಮಾತು ಬೇರೆ. ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ ತಲೆಮಾರುಗಳಿಂದ ಬೀಡಿ ಕಟ್ಟುತ್ತ ಬಂದವರು ಯಾರು? ಮೊರ ತೊಡೆಯ ಮೇಲಿಟ್ಟುಕೊಂಡು, ಸಾವಿರಕ್ಕೆ ಇಷ್ಟು ಎಂಬ ಕೂಲಿಗೆ, ತಂಬಾಕಿನ ಪುಡಿ ಉಸಿರಾಡುತ್ತ ಕೂತ ಹೆಂಗಸರು. ಮನೆಯಲ್ಲಿ ಕೂತು ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದು ಒಪ್ಪಲು 1966ರ ಕಾನೂನು ಬರಬೇಕಾಯಿತು. ಅವರ ಕೈಗೆ ತಂಬಾಕು ಶೋಭಿಸುವುದಿಲ್ಲವೆಂದು ಯಾರು ಮರುಗಿದರು? ಅದರಿಂದ ಮನೆಗೆ ಅಕ್ಕಿ ಬರುತ್ತಿತ್ತು, ಆದ್ದರಿಂದ ಶೋಭಿಸಿತು.

ಇನ್ನೊಂದು ಕಡೆ ನಮ್ಮ ಬೀದರಿನ ಬಿದರಿ ಕೆಲಸ ನೋಡಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಹುಕ್ಕಾದ ಬುಡಗಳು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಅವೂ ತಂಬಾಕಿನ ಸಾಮಾನೇ. ಅವನ್ನು ಕಲೆ ಎನ್ನುತ್ತೇವೆ, ಎನ್ನಲೇಬೇಕು. ಅಂದ ಮೇಲೆ ಅಡ್ಡಿ ತಂಬಾಕಿನದಲ್ಲ. ಹೆಂಗಸು ದುಡಿಮೆಗಾಗಿ ಅದನ್ನು ಮುಟ್ಟಬಹುದು, ತನ್ನ ಸಂತೋಷಕ್ಕಾಗಿ ಮಾತ್ರ ಕೂಡದು. ಅಡ್ಡಿ ಇರುವುದು ಆ ಸಂತೋಷಕ್ಕೆ.

ಬೀಡಿ ಕಟ್ಟುವವಳ ಮುಂದೆ, ನಮ್ಮ ಮನೆಗೆ ಮುಸುರೆ ತಿಕ್ಕಲು ಬರುವವಳ ಮುಂದೆ ಹವ್ಯಾಸದ ಮಾತಾಡುವುದು ಹೊಟ್ಟೆ ತುಂಬಿದವರ ಚಟ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ, ನನ್ನ ಎರಡು ತಾಸನ್ನು ನಾನು ಬಿಟ್ಟುಕೊಡುವುದಲ್ಲ. ಅವಳಿಗೆ ವಾರದ ರಜೆಯನ್ನು ಪಗಾರ ಹಿಡಿಯದೆ ಕೊಡುವುದು. ನನ್ನ ಬಿಡುವು ಅವಳ ಬೆನ್ನ ಮೇಲೆ ಕೂತಿರಬಾರದು, ಕಾಕಾನ ಬಿಡುವು ಕಾಕುವಿನ ಬೆನ್ನ ಮೇಲೆ ಕೂತ ಹಾಗೆ.

ಪೈಪನ್ನೇ ಮಾಡಿ ಎಂದು ನಾನು ಹೇಳುತ್ತಿಲ್ಲ. ಏನಾದರೂ ಮಾಡಿ, ಅಥವಾ ಏನೂ ಮಾಡದೆ ಕೂಡಿ. ಆದರೆ ಕೆಲಸವೆಲ್ಲ ಮುಗಿದ ಮೇಲೆ ಹೊತ್ತು ಉಳಿದೀತು ಎಂದು ಕಾಯಬೇಡಿ. ಮನೆಗೆಲಸ ಮುಗಿಯುವುದಿಲ್ಲ, ಹೊತ್ತು ಉಳಿಯುವುದಿಲ್ಲ. ತೆಗೆದುಕೊಳ್ಳಬೇಕು. "ಏನು ಉಪಯೋಗ?" ಎಂದು ಯಾರಾದರೂ ಕೇಳಿದರೆ "ಏನೂ ಇಲ್ಲ" ಎನ್ನಿ. ಹೇಳುವಾಗ ದನಿ ತಗ್ಗಿಸಬೇಡಿ.