ಸ್ಕೋಪ್ ಏನಿದೆ ಅಂತ ಕೇಳೋ ಮುಂಚೆ (ಭಾಗ 6)

ಗೆಳೆಯರೇ, ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಪಿಯುಸಿ ಸೈನ್ಸ್ ಮುಗಿಸಿದ ಗೆಳತಿಯೊಬ್ಬಳು ಬಿಎಸ್‌ಸಿ ಮೈಕ್ರೋಬಯಾಲಜಿ ಸೇರ್ತೀನಿ ಅಂದಾಗ "ಅದಕ್ಕೇನೇ ಸ್ಕೋಪ್ ಇದೆ?" ಅಂತ ನಕ್ಕವರಲ್ಲಿ ನಾನೂ ಒಬ್ಬ. ಮನೆಯವರೂ ಅದನ್ನೇ ಕೇಳಿದ್ರು. ಈಗ ಅವಳು ನಮ್ಮ ಕ್ಲಾಸಲ್ಲೇ ಕೂತು ಕಾಸ್ಟ್ ಅಕೌಂಟಿಂಗ್ ಲೆಕ್ಕ ಬಿಡಿಸ್ತಿದ್ದಾಳೆ.

ಈಗ ಈ ಕಥೆ ಕೇಳಿ. 1966, ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕ್. ಥಾಮಸ್ ಬ್ರಾಕ್ ಅನ್ನೋ ವಿಜ್ಞಾನಿ, ಜೊತೆಗೆ ಹಡ್ಸನ್ ಫ್ರೀಜ್ ಅನ್ನೋ ನಮ್ಮ ಥರದ್ದೇ ಒಬ್ಬ ಡಿಗ್ರಿ ಹುಡುಗ. ಅಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಇವರಿಗೊಂದು ಬ್ಯಾಕ್ಟೀರಿಯಾ ಸಿಕ್ತು: ಥರ್ಮಸ್ ಅಕ್ವಾಟಿಕಸ್. ಕೈಯಿಟ್ಟರೆ ಬೊಬ್ಬೆ ಏಳೋ 70 ಡಿಗ್ರಿ ಸೆಲ್ಸಿಯಸ್ ಬಿಸಿ ಅದಕ್ಕೆ ಆರಾಮ.

ಹೇಗೆ? ಮೊಟ್ಟೆ ಬೇಯಿಸಿದ್ರೆ ಅದರ ಪ್ರೋಟೀನ್ ಬಿಚ್ಚಿಕೊಂಡು ಗಟ್ಟಿಯಾಗುತ್ತೆ, ಮತ್ತೆ ಮೊದಲಿನ ಹಾಗೆ ಆಗಲ್ಲ. ಈ ಜೀವಿಯ ಪ್ರೋಟೀನ್‌ಗಳ ಮಡಿಕೆ ತುಂಬಾ ಬಿಗಿ, ಬಿಸಿಗೆ ಸುಲಭವಾಗಿ ಬಿಚ್ಚಲ್ಲ. ಡಿಎನ್‌ಎ ನಕಲು ಮಾಡೋ ಅದರ ಕಿಣ್ವ ‘ಟ್ಯಾಕ್’ 95 ಡಿಗ್ರಿಯನ್ನೂ ತಡ್ಕೊಳ್ಳುತ್ತೆ.

1983ರಲ್ಲಿ ಕ್ಯಾರಿ ಮುಲ್ಲಿಸ್ ಅವರಿಗೆ ಪಿಸಿಆರ್ ಐಡಿಯಾ ಹೊಳೀತು. ಅದರಲ್ಲಿ ಡಿಎನ್‌ಎ ಎಳೆ ಬಿಡಿಸೋಕೆ ಪ್ರತಿ ಸುತ್ತಲ್ಲೂ ಹೆಚ್ಚುಕಮ್ಮಿ 95 ಡಿಗ್ರಿಗೆ ಕಾಯಿಸಬೇಕು. ಮಾಮೂಲಿ ಕಿಣ್ವ ಪ್ರತಿ ಸಲ ಹಾಳಾಗ್ತಿತ್ತು, ಮತ್ತೆ ಮತ್ತೆ ಹಾಕ್ಬೇಕಿತ್ತು. ಟ್ಯಾಕ್ ಆದ್ರೆ ಒಂದೇ ಸಲ ಹಾಕಿದ್ರೆ ಸಾಕು. 1991ರಲ್ಲಿ ಪಿಸಿಆರ್ ಹಕ್ಕುಗಳು ರೋಶ್ ಕಂಪನಿಗೆ ಮಾರಾಟ ಆಗಿದ್ದು 30 ಕೋಟಿ ಡಾಲರ್‌ಗೆ. 1993ರಲ್ಲಿ ಮುಲ್ಲಿಸ್‌ಗೆ ನೊಬೆಲ್. ಕೋವಿಡ್ ಟೈಮಲ್ಲಿ ನಮ್ಮೆಲ್ಲರ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆರ್‌ಟಿ-ಪಿಸಿಆರ್ ಟೆಸ್ಟ್ ಕೂಡ ಇದೇ ವಂಶದ್ದು.

ಬಿಕಾಂ ಹುಡುಗನ ಲೆಕ್ಕ ಏನಂದ್ರೆ, 1966ರಲ್ಲಿ ಈ ಕೆಲಸದ ಲಾಭ-ನಷ್ಟ ಬರೆದಿದ್ದರೆ ಆದಾಯದ ಕಾಲಂನಲ್ಲಿ ಸೊನ್ನೆ. ನಾವು ಪೇಬ್ಯಾಕ್ ಪೀರಿಯಡ್ ಅಂತ ಓದ್ತೀವಲ್ಲ, ಅದರ ಪ್ರಕಾರ ಇದು ಮೊದಲ ದಿನವೇ ರಿಜೆಕ್ಟ್. ಬುಗ್ಗೆ ಹತ್ರ ಹೋಗಿದ್ದವರ ಕೈಲಿ ಇದ್ದಿದ್ದು ಒಂದೇ ಪ್ರಶ್ನೆ: ಇಷ್ಟು ಬಿಸೀಲಿ ಏನು ಬದುಕುತ್ತೆ?

ದುಡ್ಡಿನ ಯೋಚನೆ ತಪ್ಪು ಅಂತಲ್ಲ. ಫೀಸ್ ಕಟ್ಟೋ ಅಪ್ಪ-ಅಮ್ಮನ ಕಷ್ಟ ನಂಗೂ ಗೊತ್ತು. ಆದ್ರೆ ಅದೇ ಮೊದಲನೇ ಪ್ರಶ್ನೆ ಆಗಬಾರದು. ನಿಮ್ಮ ತಂಗಿ, ತಮ್ಮ, ಫ್ರೆಂಡ್ ಯಾರಾದ್ರೂ ವಿಚಿತ್ರ ಅನ್ನಿಸೋ ಕೋರ್ಸ್ ಹೆಸರು ಹೇಳಿದ್ರೆ ಮೊದಲು "ಅದರಲ್ಲಿ ನಿಂಗೇನು ಇಷ್ಟ?" ಅಂತ ಕೇಳಿ. ನಾನು ಕೇಳಲಿಲ್ಲ.

ನಿಮಗೂ ಯಾರಾದ್ರೂ "ಸ್ಕೋಪ್ ಇಲ್ಲ" ಅಂದಿದ್ರೆ, ಯಾವ ಕೋರ್ಸ್‌ಗೆ ಅಂತ ಕಾಮೆಂಟಲ್ಲಿ ಬರೀರಿ.

ಗೆಳತಿ, ನೀನಿದನ್ನ ಓದ್ತಿದ್ರೆ ಸಾರಿ ಕಣೇ. ನಾಳೆ ಕ್ಯಾಂಟೀನಲ್ಲಿ ಟೀ ನಂದು, ಬ್ಯಾಕ್ಟೀರಿಯಾ ಕಥೆ ನಿಂದು.